ಬೆನ್ನಿಗೆ ಬೀಸುವ ಗಾಳಿ

ನಮ್ಮೂರಿನ ಶವವಾಹನ ಓಡಿಸುವವಳು ಅಟ್ರಾಕ್ಟಾ ಪ್ಯಾಡನ್. ಅವಳಿಗಿಂತ ಮೊದಲು ಅವಳ ಅಪ್ಪ ಆಸ್ಟಿನ್ ಓಡಿಸುತ್ತಿದ್ದ. ಆಸ್ಟಿನ್‌ಗೆ ಕಣ್ಣು ಮಂಜಾದ ವರ್ಷ ಮಗಳು ಸ್ಟೀರಿಂಗ್ ಹಿಡಿದಳು. ಹೆಂಗಸು ಶವವಾಹನ ಓಡಿಸುವುದು ಸರಿಯೇ ಎಂದು ಆ ಚಳಿಗಾಲವಿಡೀ ಪಬ್ಬಿನಲ್ಲಿ ಮಾತು ನಡೆಯಿತು. ಹಾಗೆ ಮಾತಾಡಿದವರಲ್ಲಿ ಇಬ್ಬರನ್ನು ವಸಂತ ಬರುವುದರೊಳಗೆ ಅವಳೇ ಕೊಂಡೊಯ್ದು ಮಣ್ಣಿಗೆ ಒಪ್ಪಿಸಿದಳು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಅಟ್ರಾಕ್ಟಾ ಮದುವೆಯಾಗಲಿಲ್ಲ. ಉದ್ದ ಮೂಗು, ಉದ್ದ ಕೈ, ಮಳೆಯಿರಲಿ ಬಿಸಿಲಿರಲಿ ಅದೇ ಕಪ್ಪು ಕೋಟು. ಕೆಲಸವಿಲ್ಲದ ದಿನ ಆಲೂಗಡ್ಡೆ ಮಡಿಯಲ್ಲಿ ಮೊಣಕಾಲೂರಿ ಕೂತಿರುತ್ತಿದ್ದಳು. ಊರಲ್ಲಿ ಅವಳನ್ನು ಕಂಡರೆ ಜನ ಸ್ವಲ್ಪ ಬದಿಗೆ ಸರಿಯುತ್ತಿದ್ದರು. ದ್ವೇಷದಿಂದಲ್ಲ, ಒಂದು ದಿನ ಇವಳ ಕೈಗೇ ಸಿಗಬೇಕು ಎಂಬ ಸಂಕೋಚದಿಂದ.

ಅವಳಿಗೊಂದು ಅಭ್ಯಾಸವಿತ್ತು. ಅದು ನನಗೆ ತಿಳಿದದ್ದು ನನ್ನ ಅವ್ವ ಬ್ರಿಜೀ ತೀರಿಕೊಂಡಾಗ. ಚರ್ಚಿನಿಂದ ಕೆರೆಯಂಚಿನ ಸ್ಮಶಾನದವರೆಗೆ ನಮ್ಮಲ್ಲಿ ಜನ ಗಾಡಿಯ ಹಿಂದೆ ನಡೆದೇ ಹೋಗುತ್ತಾರೆ. ನನಗೆ ಆ ವಾರ ಮಂಡಿ ಊದಿತ್ತು, ಹಾಗಾಗಿ ಅಟ್ರಾಕ್ಟಾ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಹೊರಟ ಸ್ವಲ್ಪ ಹೊತ್ತಿಗೆ ಅವಳು ಮೆಲ್ಲಗೆ ಮಾತಾಡತೊಡಗಿದಳು. ನನ್ನ ಜೊತೆ ಎಂದುಕೊಂಡೆ. ಅಲ್ಲ.

"ಬ್ರಿಜೀ, ಈಗ ಸೇತುವೆ ದಾಟ್ತಿದ್ದೀವಿ. ನೀರು ಕಡಿಮೆಯಾಗಿದೆ, ಕಲ್ಲು ಕಾಣ್ತಿದೆ. ಡೀನ್ ಮನೆಯವ್ರು ಬಟ್ಟೆ ಒಣಗ್ಹಾಕಿದ್ದಾರೆ ನೋಡು, ಮಳೆ ಬರೋದು ಗೊತ್ತೇ ಇಲ್ಲ ಅವ್ರಿಗೆ. ಇದು ನಿನ್ನ ಗೇಟು. ಒಂಚೂರು ನಿಲ್ಲಿಸ್ತೀನಿ, ನೋಡ್ಕೋ."

ಅಲ್ಲಿ ನಿಲ್ಲಿಸಿದಳು. ಎಂಜಿನ್ ಗುಣುಗುಣು ಎನ್ನುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಅತ್ತೆ. ಅವಳು ನನ್ನ ಕಡೆ ತಿರುಗಲಿಲ್ಲ. ಅದೂ ಅವಳ ಒಳ್ಳೆಯ ಗುಣಗಳಲ್ಲಿ ಒಂದು.

ನಾನು ಬಾರ್ಟ್ಲಿ ಗಾಘನ್, ಮೆಕ್ಯಾನಿಕ್. ಮೇಯೊ ಜಿಲ್ಲೆಯ ಈ ಪಡುವಣ ಅಂಚಿನಲ್ಲಿ, ಊರಿನ ಕೊನೆಯ ಮನೆಯೂ ಮುಗಿದ ಮೇಲೆ ನನ್ನ ಗ್ಯಾರೇಜು. ಅಂಗಳದ ಬಾಯಿ ಕಡಲಿಗೆ ತೆರೆದಿದೆ. ಟ್ರ್ಯಾಕ್ಟರು, ದೋಣಿಯ ಎಂಜಿನ್ನು, ಶಿಕ್ಷಕಿಯ ಪುಟ್ಟ ಕಾರು, ಎಲ್ಲ ಬರುತ್ತವೆ. ಆಸ್ಟಿನ್ ಕೊಂಡ ಕಾಲದಿಂದ ಆ ಶವವಾಹನವೂ ಬರುತ್ತಿತ್ತು. ಉದ್ದನೆಯ ಕಪ್ಪು ಗಾಡಿ, ಅಕ್ಕಪಕ್ಕ ದೊಡ್ಡ ಗಾಜು. ಎಂಜಿನ್ನಿಗೆ ವಯಸ್ಸಾಗಿದ್ದರೂ ಓಡಿದ್ದು ಕಡಿಮೆ. ಓಡಿದ್ದೆಲ್ಲ ನಡಿಗೆಯ ವೇಗದಲ್ಲಿ.

ಒಂದು ವಸಂತದಲ್ಲಿ ಅದಕ್ಕೆ ಬಿಸಿಯ ಕಾಯಿಲೆ ಹಿಡಿಯಿತು.

"ಬಾರ್ಟ್ಲಿ, ಬಿಸಿ ತೋರ್ಸೋ ಮುಳ್ಳು ಮೇಲೆ ಹೋಗ್ತಿದೆ," ಎಂದಳು ಅಟ್ರಾಕ್ಟಾ, ಅಂಗಳದಲ್ಲಿ ಗಾಡಿ ನಿಲ್ಲಿಸಿ. "ನೀರೂ ಕುಡೀತಿದೆ. ವಾರವಾರ ತುಂಬಿಸ್ತೀನಿ, ಮತ್ತೆ ಕಡಿಮೆ."

"ಕೆಳಗೆ ಸೋರ್ತಿದೆಯಾ?"

"ಶೆಡ್ಡಿನ ನೆಲ ಒಣಗಿದೆ. ಬಗ್ಗಿ ನೋಡಿದ್ದೀನಿ."

ಬಾನೆಟ್ ಎತ್ತಿದೆ. ಎಂಜಿನ್ ತಣಿಸುವ ಕೂಲಂಟಿಗೆ ನೀರು ಸೇರಿಸಿ ಸೇರಿಸಿ ಅದರ ಹಸಿರು ಬಣ್ಣ ತೆಳ್ಳಗಾಗಿತ್ತು. ನೀರು ಕಾಣೆಯಾಗುತ್ತದೆ, ನೆಲ ಮಾತ್ರ ಒಣ ಎಂದರೆ ಮೆಕ್ಯಾನಿಕ್‌ಗೆ ಮೊದಲು ಬರುವ ಕೆಟ್ಟ ಯೋಚನೆ ಹೆಡ್ ಗ್ಯಾಸ್ಕೆಟ್ಟಿನದು. ಎಂಜಿನ್ನಿನ ಆ ಬಿಗಿಪಟ್ಟಿ ಸುಟ್ಟಿದ್ದರೆ ನೀರು ಎಂಜಿನ್ನಿನೊಳಗೇ ಇಳಿದು ಹೊಗೆಯಾಗಿ ಹೋಗುತ್ತದೆ, ಅಥವಾ ಎಣ್ಣೆಯಲ್ಲಿ ಸೇರಿ ಕೆನೆಯಂತಾಗುತ್ತದೆ. ಎಣ್ಣೆ ನೋಡಿದೆ, ಶುದ್ಧವಾಗಿತ್ತು. ಹೊಗೆ ಬೆಳ್ಳಗಿರಲಿಲ್ಲ. ರೇಡಿಯೇಟರಿನ ಬಾಯಿಗೆ ಪಂಪು ಸಿಕ್ಕಿಸಿ ಒತ್ತಡ ಕೊಟ್ಟು ಚಹಾ ಕುಡಿದು ಬಂದೆ. ಒತ್ತಡ ಕೂದಲಷ್ಟೂ ಇಳಿದಿರಲಿಲ್ಲ. ಎಂಜಿನ್ ಚಾಲೂ ಇಟ್ಟು ಅಂಗಳದಲ್ಲೇ ನಿಲ್ಲಿಸಿದೆ. ಮುಳ್ಳು ನಡುವೆ ಬಂದು ನಿದ್ದೆಹೋದಂತೆ ನಿಂತುಬಿಟ್ಟಿತು. ಥರ್ಮೋಸ್ಟಾಟ್ ಹಳೆಯದಾಗಿತ್ತೆಂದು ಬದಲಾಯಿಸಿ ಕಳಿಸಿದೆ.

ಮುಂದಿನ ಶವಯಾತ್ರೆಯಲ್ಲಿ ಮತ್ತೆ ಬಿಸಿ. ಮತ್ತೆ ನನ್ನಲ್ಲಿಗೆ. ಮತ್ತೆ ಅಂಗಳದಲ್ಲಿ ಏನೂ ಇಲ್ಲ. ಹೀಗೆ ಎರಡು ಮೂರು ಸಲ.

"ನಿನ್ನ ಕಂಡ್ರೆ ಅದಕ್ಕೆ ಹೆದರಿಕೆ," ಎಂದಳು ಅಟ್ರಾಕ್ಟಾ. "ಹಲ್ಲುನೋವು ಡಾಕ್ಟ್ರ ಬಾಗಿಲಲ್ಲಿ ಹೋಗತ್ತಲ್ಲ, ಹಂಗೆ."

ಆಮೇಲೆ ವಿನ್ನಿ ಕೊನ್ರಾಯ್ ಸತ್ತಳು. ದೊಡ್ಡ ಸಂಸಾರ, ಎಲ್ಲೆಲ್ಲಿಂದಲೋ ಬಂದ ಮಕ್ಕಳು ಮೊಮ್ಮಕ್ಕಳು. ವಿನ್ನಿಯ ಗೇಟಿನ ಮುಂದೆ ಎಂದಿನಂತೆ ನಿಲ್ಲಿಸಿ, ಮುಂದಿನ ಏರಿನಲ್ಲಿ ಹೋಗುತ್ತಿರುವಾಗ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದಿತು. ಪಾದ್ರಿ ಹೆನೆಗನ್ ಅದನ್ನು ಮಂಜೆಂದುಕೊಂಡು ಜಪ ಮುಂದುವರಿಸಿದರು. ಗಾಡಿ ನಿಂತಿತು. ವಿನ್ನಿಯ ಗಂಡುಮಕ್ಕಳು ಕೋಟು ಬಿಚ್ಚಿ ಹಿಂದಿನಿಂದ ಕೈಹಚ್ಚಿದರು, ನಾವೂ ಸೇರಿದೆವು. ಕೆರೆಯವರೆಗೆ ತಳ್ಳಿಕೊಂಡೇ ಹೋದೆವು. ಅಟ್ರಾಕ್ಟಾ ಸ್ಟೀರಿಂಗ್ ಹಿಡಿದು ನೆಟ್ಟಗೆ ಮುಂದೆ ನೋಡುತ್ತಿದ್ದಳು. ಕೆನ್ನೆ ಕೆಂಡವಾಗಿತ್ತು.

"ಅಮ್ಮನ್ನ ನಾವೇ ತಳ್ಳಿಕೊಂಡು ಹೋದ್ವಿ, ಅದೇ ಸಮಾಧಾನ," ಎಂದ ದೊಡ್ಡ ಮಗ. ನಿಜವಾಗಿಯೇ ಹೇಳಿದ. ಆದರೂ ಆ ಮಾತಿನಿಂದ ಅಟ್ರಾಕ್ಟಾಗೆ ಸಮಾಧಾನವಾಗಲಿಲ್ಲ.

ಮರುದಿನ ಗ್ಯಾರೇಜಿಗೆ ಬಂದು ಟಯರಿನ ರಾಶಿಯ ಮೇಲೆ ಕೂತಳು. ಕಡಲಿನಿಂದ ಗಾಳಿ ಬೀಸುತ್ತಿತ್ತು, ತಗಡಿನ ಬಾಗಿಲು ಉಸಿರಾಡಿದಂತೆ ಒಳಗೂ ಹೊರಗೂ ಉಬ್ಬುತ್ತಿತ್ತು.

"ಒಂದು ಹೇಳ್ತೀನಿ, ನಗಬಾರ್ದು," ಎಂದಳು.

"ನಗಲ್ಲ."

"ಖಾಲಿ ಇದ್ದಾಗ ಅದು ಯಾವತ್ತೂ ಬಿಸಿಯಾಗಲ್ಲ. ವಾಪಸ್ ಬರುವಾಗ ಮುಳ್ಳು ತಾನಾಗೇ ಇಳಿಯತ್ತೆ. ಒಳಗೆ ಯಾರಾದ್ರೂ ಮಲಗಿದ್ರೆ ಮಾತ್ರ ಏರತ್ತೆ."

"ಭಾರಕ್ಕಾ? ವಿನ್ನಿ ಗುಬ್ಬಿಯಷ್ಟಿದ್ಲು."

"ಆ ಭಾರ ಅಲ್ಲ." ಅವಳು ಮಡಿಲಲ್ಲಿದ್ದ ಕೈಗಳನ್ನು ಹೊಸೆದಳು. "ಹೋಗೋಕೆ ಮನಸ್ಸಿಲ್ಲ ಅವ್ರಿಗೆ. ನಾನು ದಾರಿ ತೋರಿಸ್ತಾ ಹೋಗ್ತೀನಲ್ಲ, ಒಂದೊಂದು ಗೇಟು ಬಂದ ಹಾಗೂ ಮನಸ್ಸು ಹಿಂದಕ್ಕೆ ಎಳೆಯತ್ತೆ. ಮುಳ್ಳು ಏರ್ತಾ ಇದ್ರೆ ನಾನು ಇನ್ನೂ ನಿಧಾನ ಮಾಡ್ತೀನಿ. ಅವಸರ ಮಾಡಿಸೋದು ಬೇಡ ಅಂತ."

ನಗು ಬರಲಿಲ್ಲ. ಅಂಗಳದಲ್ಲಿ ನಿಂತ ಆ ಕಪ್ಪು ಗಾಡಿಯ ಗಾಜಿನಲ್ಲಿ ಮೋಡಗಳು ತೇಲುತ್ತಿದ್ದವು. ಅವಳು ಹೇಳಿದ್ದನ್ನು ನಂಬುವುದು ಆ ಗಳಿಗೆಯಲ್ಲಿ ಕಷ್ಟವೇನೂ ಆಗಿರಲಿಲ್ಲ.

"ನಾಳೆ ಖಾಲಿ ಗಾಡೀನ ಅದೇ ದಾರೀಲಿ, ಅದೇ ನಡಿಗೇಲಿ ಓಡ್ಸು," ಎಂದೆ. "ಗೇಟುಗಳಲ್ಲೂ ನಿಲ್ಲಿಸು. ನಾನು ಪಕ್ಕದಲ್ಲಿ ನಡೀತೀನಿ."

"ಖಾಲಿ ಗಾಡಿ ಮೆರವಣಿಗೆಯಾ? ಊರು ಏನಂದೀತು?"

"ಊರಿಗೆ ಮಾತು ಬೇಕು. ಕೊಡೋಣ."

ಮರುದಿನ ಮೇ ತಿಂಗಳ ಮಧ್ಯಾಹ್ನ. ಹಾಥಾರ್ನ್ ಮುಳ್ಳುಪೊದೆಯ ಬೇಲಿಯೆಲ್ಲ ಬಿಳಿ ಹೂವು. ದೂರದ ಜವುಗು ನೆಲದ ಮೇಲೆ ಬಿಸಿಲು ಹೊಗೆಯಂತೆ ಕೂತಿತ್ತು, ಬೆಟ್ಟ ಕಾಲಿಲ್ಲದೆ ನಿಂತ ಹಾಗೆ ಕಾಣುತ್ತಿತ್ತು. ಚರ್ಚಿನ ಮುಂದಿನಿಂದ ಹೊರಟೆವು. ಅಟ್ರಾಕ್ಟಾ ಕಿಟಕಿ ಇಳಿಸಿಕೊಂಡಿದ್ದಳು. ಕಪ್ಪು ಕೋಟು ಬಿಟ್ಟು ಬಾ ಎಂದಿದ್ದೆ, ಬಿಟ್ಟಿರಲಿಲ್ಲ. ನಾನು ಬಾನೆಟ್ಟಿನ ಮೇಲೆ ಒಂದು ಕೈಯಿಟ್ಟು ನಡೆಯುತ್ತಿದ್ದೆ, ಜ್ವರ ಬಂದ ಹಸುವಿನ ಜೊತೆ ನಡೆಯುವ ಹಾಗೆ.

ಡೆಲಿಯಾ ಲಾವೆಲ್‌ಳ ಅಂಗಡಿ ಮೊದಲು ಬಂತು. ಶವಯಾತ್ರೆ ಹಾದುಹೋಗುವಾಗ ಅಂಗಡಿಯವರು ಬಾಗಿಲು ಎಳೆದು ಪರದೆ ಇಳಿಸುವುದು ನಮ್ಮಲ್ಲಿ ಪದ್ಧತಿ. ಗಾಡಿ ಕಂಡದ್ದೇ ಡೆಲಿಯಾ ಪರದೆ ಇಳಿಸಿದಳು. ನಾನು ಬೇಡವೆಂದು ಕೈಯಾಡಿಸಿದೆ. ಅವಳು ಅದನ್ನು ನಮಸ್ಕಾರವೆಂದುಕೊಂಡು ಎದೆಯ ಮೇಲೆ ಶಿಲುಬೆ ಗುರುತು ಮಾಡಿದಳು. ಎದುರಿಗೆ ಬಂದ ಹಾಲಿನ ಲಾರಿ ಬದಿಗೆ ನಿಂತಿತು, ಡ್ರೈವರ್ ಟೋಪಿ ತೆಗೆದ. ಸೇತುವೆಯ ಕಟ್ಟೆಯ ಮೇಲೆ ಕೂತಿದ್ದ ಸನ್ನಿ ಡೀನ್ ಕೋಲೂರಿ ಎದ್ದ. ಊರಿಗೆಲ್ಲ ಅಜ್ಜ ಅವನು.

"ಯಾರಪ್ಪಾ ಇದು, ಬಾರ್ಟ್ಲಿ?"

"ಯಾರೂ ಇಲ್ಲ ಅಜ್ಜ."

"ಹ್ಞಾಂ. ದೇವರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ." ಅಜ್ಜ ಹಿಂದೆ ನಡೆಯತೊಡಗಿದ.

"ಅಜ್ಜ, ಗಾಡಿ ಖಾಲಿ. ರಿಪೇರಿಗೆ ಓಡಿಸ್ತಿದ್ದೀವಿ."

"ಕಾಣಿಸ್ತಿದೆ. ನಂಗೆ ಮೊಣಕಾಲು ಹೋಗಿದೆ, ಕಣ್ಣು ಹೋಗಿಲ್ಲ. ಬಹಳ ದಿನ ಆಯ್ತು ಯಾರ ಹಿಂದೇನೂ ನಡೆದು. ಕೊನ್ರಾಯ್‌ನವಳ ದಿನ ಕೆಮ್ಮು ಬಂದು ಮಲ್ಗಿದ್ದೆ. ಬಾಕಿ ತೀರಿಸ್ಕೊಳ್ತೀನಿ ಬಿಡು."

ತಿರುಗಿ ನೋಡಿದರೆ ಅಜ್ಜನ ಹಿಂದೆ ಲಾರಿಯ ಡ್ರೈವರ್, ಅವನ ಹಿಂದೆ ಅಂಚೆಯವಳು ಸೈಕಲ್ ತಳ್ಳಿಕೊಂಡು, ಇನ್ನೂ ಹಿಂದೆ ಹೆಸರು ಹೇಳಲಾಗದಷ್ಟು ಜನ. ಯಾರೋ "ಯಾರು?" ಎಂದರೆ ಇನ್ಯಾರೋ "ಗೊತ್ತಿಲ್ಲ, ಒಳ್ಳೆ ಮನುಷ್ಯ ಇದ್ದಿರ್ಬೇಕು" ಎನ್ನುತ್ತಿದ್ದರು. ಗೊತ್ತಾದವರು ನಕ್ಕರೂ ಹಿಂದಿರುಗಲಿಲ್ಲ. ಬಿಸಿಲಿತ್ತು, ಹೂವಿನ ವಾಸನೆಯಿತ್ತು, ಹೆಜ್ಜೆಗಳ ಸದ್ದಿತ್ತು. ಆ ಸದ್ದಿನೊಳಗೆ ಒಮ್ಮೆ ಸಿಕ್ಕಿಕೊಂಡರೆ ಕಾಲು ತಾನಾಗಿ ಸಾಗುತ್ತದೆ.

ಅಟ್ರಾಕ್ಟಾಳ ಧ್ವನಿ ಕೇಳಿತು. ಅಭ್ಯಾಸಬಲ. ಖಾಲಿ ಗಾಡಿಗೇ ದಾರಿ ಹೇಳುತ್ತಿದ್ದಳು. "ಸೇತುವೆ ದಾಟಿದ್ವಿ. ಬಾತುಕೋಳಿ ಮರಿ ಮಾಡಿದೆ. ಇದು ಕೊನ್ರಾಯ್ ಗೇಟು, ಒಂಚೂರು ನಿಲ್ತೀನಿ." ನಿಂತಳು. ಹಿಂದಿನವರೂ ನಿಂತರು.

ಬಾನೆಟ್ಟಿನ ಮೇಲಿದ್ದ ನನ್ನ ಕೈ ಸುಟ್ಟಿತು.

"ಮುಳ್ಳು ಎಲ್ಲಿದೆ?"

"ಏರ್ತಿದೆ," ಎಂದಳು. ಅವಳ ಧ್ವನಿಯಲ್ಲಿ ಏನೋ ಕಳಚಿಬಿದ್ದಂತಿತ್ತು. "ಒಳಗೆ ಯಾರೂ ಇಲ್ಲ ಬಾರ್ಟ್ಲಿ. ಆದ್ರೂ ಏರ್ತಿದೆ."

ಆಗ ನನ್ನ ಕೋಟಿನ ಹಿಂಭಾಗ ಹಾರಿ ತಲೆಯ ಮೇಲೆ ಬಂತು. ಕಡಲಿನ ಗಾಳಿ. ಅದು ನಮ್ಮ ಬೆನ್ನಿಗಿತ್ತು. ನಾನು ಅಲ್ಲೇ ನಿಂತೆ. ಚರ್ಚಿನಿಂದ ಸ್ಮಶಾನಕ್ಕೆ ದಾರಿ ಮೂಡಣಕ್ಕೆ. ನಮ್ಮೂರಲ್ಲಿ ಗಾಳಿ ಸದಾ ಪಡುವಣದಿಂದ. ಹೋಗುವಾಗ ಅದು ಗಾಡಿಯ ಹಿಂದೆ, ಬರುವಾಗ ಮುಖಕ್ಕೆ. ನನ್ನ ಅಂಗಳದಲ್ಲೋ, ಗಾಡಿ ಬಂದಾಗಲೆಲ್ಲ ಮೂತಿ ಕಡಲಿಗೆ; ಗಾಳಿಯೇ ಜಾಲರಿಯೊಳಗೆ ನುಗ್ಗಿ ರೇಡಿಯೇಟರನ್ನು ತಣಿಸುತ್ತಿತ್ತು. ಗಾಡಿಯ ಫ್ಯಾನ್ ಮಾಡಬೇಕಿದ್ದ ಕೆಲಸವನ್ನು ಇಷ್ಟು ದಿನ ಅಟ್ಲಾಂಟಿಕ್ ಮಾಡಿಕೊಟ್ಟಿತ್ತು.

"ಗಾಡಿ ತಿರುಗಿಸು," ಎಂದೆ. "ಮೂತಿ ಕಡಲ ಕಡೆಗೆ. ಎಂಜಿನ್ ಆರಿಸ್ಬೇಡ."

ಆ ಉದ್ದ ಗಾಡಿಯನ್ನು ಕೊನ್ರಾಯ್‌ರ ಗೇಟಿನೊಳಗೆ ಹಿಂದಕ್ಕೆ ಬಿಟ್ಟು ತಿರುಗಿಸುವಾಗ ಊರಿನವರೆಲ್ಲ ಕೈಯಾಡಿಸಿ ದಾರಿ ಹೇಳಿದರು, ಒಬ್ಬೊಬ್ಬರದು ಒಂದೊಂದು ದಿಕ್ಕು. ತಿರುಗಿ ನಿಂತಿತು. ನಾವೆಲ್ಲ ಕಾದೆವು.

"ಇಳೀತಿದೆ," ಎಂದಳು ಅಟ್ರಾಕ್ಟಾ.

ಮತ್ತೆ ಮೂಡಣಕ್ಕೆ ತಿರುಗಿಸಿ ನಿಲ್ಲಿಸಿದೆವು, ಮುಳ್ಳು ಏರುವವರೆಗೆ. ಬಾನೆಟ್ ಎತ್ತಿದೆ. ಹಳೆಯ ಗಾಡಿಗಳಲ್ಲಿ ಫ್ಯಾನಿನ ಹಿಂದೆ ಒಂದು ಕ್ಲಚ್ ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ಅದು ಫ್ಯಾನನ್ನು ಸಡಿಲ ಬಿಟ್ಟಿರುತ್ತದೆ. ಬಿಸಿಯೇರಿದರೆ ಒಳಗಿನ ದಪ್ಪ ಎಣ್ಣೆ ಬಿಗಿಹಿಡಿದು ಜೋರಾಗಿ ತಿರುಗಿಸಬೇಕು. ಇಲ್ಲಿ ಫ್ಯಾನ್ ಭಾನುವಾರದ ವಾಯುವಿಹಾರಕ್ಕೆ ಬಂದಂತೆ ಸುತ್ತುತ್ತಿತ್ತು. ಎಂಜಿನ್ ಆರಿಸಲು ಹೇಳಿದೆ. ಬಿಗಿಯಿದ್ದರೆ ಅದು ಥಟ್ಟನೆ ನಿಲ್ಲಬೇಕು. ಮಕ್ಕಳ ಗಿರಗಿಟ್ಟಲೆಯ ಹಾಗೆ ತನ್ನ ಪಾಡಿಗೆ ತಾನು ಸುತ್ತುತ್ತಲೇ ಇತ್ತು. ಕ್ಲಚ್ಚಿನ ಎಣ್ಣೆ ಎಂದೋ ಬಸಿದುಹೋಗಿತ್ತು.

ಅಷ್ಟರಲ್ಲಿ ಸೊಯ್ ಎಂದು ಸಣ್ಣ ಸದ್ದು. ರೇಡಿಯೇಟರಿನ ಕ್ಯಾಪಿನ ಪಕ್ಕದ ಕೊಳವೆಯಿಂದ ತೆಳು ಹಸಿರು ನೀರು ಇಳಿದು ಗಾಡಿಯ ಉಕ್ಕಿನ ಚೌಕಟ್ಟಿನ ಪೊಳ್ಳಿನೊಳಗೆ ಹೋಗುತ್ತಿತ್ತು. ಒತ್ತಡವನ್ನು ಹಿಡಿದಿಡಬೇಕಾದ ಕ್ಯಾಪಿನ ಸ್ಪ್ರಿಂಗ್ ಸೋತಿತ್ತು. ಗಾಡಿ ಬಿಸಿಯಾದಾಗಲೆಲ್ಲ ಒಂದಿಷ್ಟು ನೀರನ್ನು ಹೊರಗೆ ಬಿಟ್ಟು, ಅದು ಚೌಕಟ್ಟಿನೊಳಗಿಂದ ದಾರಿಯುದ್ದಕ್ಕೂ ಹನಿಹನಿಯಾಗಿ ಬಿದ್ದು, ಶೆಡ್ಡಿಗೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ನಾನು ಒತ್ತಡ ಪರೀಕ್ಷಿಸುವಾಗ ಆ ಕ್ಯಾಪನ್ನು ತೆಗೆದೇ ಪಂಪು ಸಿಕ್ಕಿಸಿದ್ದೆ. ಎಲ್ಲವನ್ನೂ ನೋಡಿ ಅದೊಂದನ್ನು ಬೆಂಚಿನ ಮೇಲಿಟ್ಟಿದ್ದೆ.

ಅಟ್ರಾಕ್ಟಾ ಇಳಿದು ಬಂದು ನನ್ನ ಪಕ್ಕ ಬಗ್ಗಿದಳು. ಬಿಸಿ ಕೂಲಂಟಿನ ಸಿಹಿ ವಾಸನೆ ಹಾಥಾರ್ನ್ ಹೂವಿನ ಜೊತೆ ಬೆರೆತಿತ್ತು.

"ಹಂಗಾದ್ರೆ ಸತ್ತವ್ರದ್ದೇನೂ ಇಲ್ಲ," ಎಂದಳು.

"ಇಲ್ಲ. ಗಾಳಿ ಬೆನ್ನಿಗಿದೆ, ಫ್ಯಾನ್ ಸುಸ್ತಾಗಿದೆ. ನೀನು ನಿಧಾನ ಮಾಡಿದಷ್ಟೂ ಅದು ಇನ್ನೂ ಬಿಸಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಕಪ್ಪು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. "ಪಾಪ ವಿನ್ನಿ," ಎಂದಳು. "ಅವಳಿಗೆ ಮನಸ್ಸಿಲ್ಲ ಅಂತ ನಾನು ಆಮೆ ಥರಾ ಹೋದೆ. ಅವಳು ಒಳಗೆ ಬೈಕೊಂಡಿರ್ತಾಳೆ, ಬೇಗ ನಡಿಯೇ ಅಂತ."

ಎಂಜಿನ್ ತಣಿಯಲೆಂದು ಕಾಯುತ್ತಿದ್ದೆವು. ಜನ ಬೇಲಿಯ ನೆರಳಿನಲ್ಲಿ ಕೂತರು. ಸನ್ನಿ ಅಜ್ಜ ತನ್ನ ಕಾಲದ ಕುದುರೆ ಗಾಡಿಗೆ ಇಂಥ ರೋಗ ಬರುತ್ತಿರಲಿಲ್ಲವೆಂದು ಅಂಚೆಯವಳಿಗೆ ಹೇಳುತ್ತಿದ್ದ. ಆಗ ಡೆಲಿಯಾ ಲಾವೆಲ್ ಹತ್ತಿರ ಬಂದಳು. ಅಂಗಡಿಯ ಏಪ್ರನ್ನಿನಲ್ಲೇ ಅಷ್ಟು ದೂರ ನಡೆದು ಬಂದಿದ್ದಳು. ಗಾಡಿಯ ಗಾಜಿನ ಮೇಲೆ ಅಂಗೈಯಿಟ್ಟು ಒಳಗಿನ ಖಾಲಿ ಹಲಗೆಯನ್ನು ನೋಡುತ್ತ ನಿಂತಳು.

ಡೆಲಿಯಾಳ ತಮ್ಮ ಕೋಲ್ಮನ್ ಚಿಕ್ಕ ವಯಸ್ಸಿನಲ್ಲೇ ಮೀನಿಗೆ ಹೋಗಿ ಬರಲಿಲ್ಲ. ದೋಣಿಯ ಒಂದು ಹುಟ್ಟು ದಡಕ್ಕೆ ಬಂತು, ಅವನು ಬರಲಿಲ್ಲ. ಹೆಣವಿಲ್ಲದೆ ಶವಯಾತ್ರೆ ಹೇಗೆ ಮಾಡುವುದು? ಪ್ರಾರ್ಥನೆಯಾಯಿತು, ಅಷ್ಟೇ. ಇದು ಊರಿಗೆಲ್ಲ ಗೊತ್ತಿದ್ದದ್ದೇ, ಯಾರೂ ಆಡುತ್ತಿರಲಿಲ್ಲ.

"ಅಟ್ರಾಕ್ಟಾ," ಎಂದಳು ಡೆಲಿಯಾ. "ಒಳಗೆ ಯಾರೂ ಇಲ್ಲ ತಾನೇ?"

"ಇಲ್ಲ."

"ಹಾಗಾದ್ರೆ ಕೋಲ್ಮನ್ ಇದ್ದಾನೆ ಅಂದ್ಕೊಂಡ್ರೆ ತಪ್ಪಾಗತ್ತಾ?"

ಅಟ್ರಾಕ್ಟಾ ನನ್ನ ಕಡೆ ನೋಡಿದಳು. ಗಾಡಿ ಅಷ್ಟು ದೂರ ಹೋಗುತ್ತದೆಯೇ ಎಂದು ಕೇಳುವ ನೋಟ.

"ನೀರು ತುಂಬಿಸ್ತೀನಿ," ಎಂದೆ. "ಒಳಗಿನ ಹೀಟರ್ ಪೂರ್ತಿ ತಿರುಗಿಸಿಡು. ಎಂಜಿನ್ನಿನ ಬಿಸೀನ ಅದು ಒಳಗೆ ಎಳ್ಕೊಳ್ಳತ್ತೆ. ನಿಮ್ಗೆ ಬೆವರತ್ತೆ ಅಷ್ಟೆ, ಗಾಡಿ ಹೋಗತ್ತೆ."

"ಹತ್ತು ಡೆಲಿಯಾ," ಎಂದಳು ಅಟ್ರಾಕ್ಟಾ, ಮುಂದಿನ ಬಾಗಿಲು ತೆಗೆದು.

ಕೊನ್ರಾಯ್‌ರ ಬಾವಿಯಿಂದ ನೀರು ತಂದೆವು. ಕ್ಯಾಪು ಕೈಗೆ ತಣ್ಣಗಾಗುವವರೆಗೆ ಕಾದು, ಬಟ್ಟೆ ಸುತ್ತಿ ತೆಗೆದು ತುಂಬಿಸಿದೆ. ಪೋಸ್ಟ್ ಹಾಕಿ ಬರಲು ಹೊರಟಿದ್ದ ಪಾದ್ರಿ ಹೆನೆಗನ್ ಕೂಡ ಅಷ್ಟು ಹೊತ್ತಿಗೆ ಬಂದು ಸೇರಿದರು. ಏನು ಎತ್ತ ಎಂದು ಸನ್ನಿ ಅಜ್ಜ ಅವರ ಕಿವಿಯಲ್ಲಿ ಹೇಳಿದ. ಅವರು ಕಾಗದಗಳನ್ನು ಜೇಬಿಗೆ ಹಾಕಿಕೊಂಡು ಗಾಡಿಯ ಹಿಂದೆ ಮೊದಲ ಸಾಲಿನಲ್ಲಿ ನಿಂತರು.

ಎಲ್ಲ ಕಿಟಕಿ ತೆರೆದುಕೊಂಡು ಹೊರಟಿತು ಗಾಡಿ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸುತ್ತಿತ್ತು.

"ಕೋಲ್ಮನ್, ನೀನು ಹೋದ್ಮೇಲೆ ಈ ರಸ್ತೆಗೆ ಟಾರು ಬಂತು," ಎನ್ನುತ್ತಿದ್ದಳು ಅಟ್ರಾಕ್ಟಾ. "ಆ ದೊಡ್ಡ ಬಂಡೆ ಇದೆಯಲ್ಲ, ನೀವು ಹುಡುಗರು ಹಾರ್ತಿದ್ದದ್ದು, ಅದು ಹಂಗೇ ಇದೆ. ಶಾಲೆ ಮುಚ್ಚಿದ್ರು. ಡೆಲಿಯಾ ಇಲ್ಲೇ ನನ್ನ ಪಕ್ಕ ಇದ್ದಾಳೆ. ತಲೆ ಬೆಳ್ಳಗಾಗಿದೆ ಅವಳದ್ದು, ಗಾಬರಿ ಆಗ್ಬೇಡ."

"ನಿಂದೇನು ಕಪ್ಪಾ?" ಎಂದಳು ಡೆಲಿಯಾ, ಅಳುತ್ತಲೇ.

ಹೀಟರಿನ ಬಿಸಿಗೆ ಇಬ್ಬರ ಮುಖವೂ ಹೊಳೆಯುತ್ತಿತ್ತು. ಬೆನ್ನಿಗೆ ಗಾಳಿ. ಹತ್ತಿಹುಲ್ಲಿನ ಬಿಳಿ ತುಪ್ಪುಳು ಜವುಗಿನ ಮೇಲಿಂದ ಎದ್ದು ನಮ್ಮ ಜೊತೆಗೇ ತೇಲಿಬಂತು. ನನಗೆ ನೆಲ ಕಾಲಿಗೆ ಸಿಗುತ್ತಿದೆಯೋ ಇಲ್ಲವೋ ಎಂಬಂತಾಗಿತ್ತು. ಎಷ್ಟು ಹೊತ್ತು ನಡೆದೆವೋ ಹೇಳಲಾರೆ. ಮುಳ್ಳು ಕೆಂಪಿನ ಹತ್ತಿರ ನಡುಗುತ್ತ ಇದ್ದರೂ ಕೆಂಪು ಮುಟ್ಟಲಿಲ್ಲ. ಕೆರೆಯಂಚಿನಲ್ಲಿ ಪಾದ್ರಿ ಪುಸ್ತಕವಿಲ್ಲದೆಯೇ ಪ್ರಾರ್ಥನೆ ಹೇಳಿದರು. ಡೆಲಿಯಾ ಅಪ್ಪ ಅಮ್ಮನ ಸಮಾಧಿಯ ಪಕ್ಕದ ಹುಲ್ಲಿನ ಮೇಲೆ ಒಂದು ಹಿಡಿ ಮಣ್ಣು ಹಾಕಿದಳು. ನಾವೂ ಒಬ್ಬೊಬ್ಬರಾಗಿ ಹಾಕಿದೆವು. ಹಾಲಿನ ಲಾರಿಯ ಡ್ರೈವರ್, ಪಾಪ, ಪಕ್ಕದ ಊರಿನವನು, ಅವನೂ ಹಾಕಿದ.

ಆಮೇಲೆ ಡೆಲಿಯಾ ಅಂಗಡಿ ತೆರೆದು ಹ್ಯಾಮ್ ಸ್ಯಾಂಡ್‌ವಿಚ್ಚು, ಸೋಡಾ ಬ್ರೆಡ್ಡು, ಚಹಾ ಎಲ್ಲ ಕೌಂಟರಿನ ಮೇಲೆ ಹರಡಿದಳು. ಕೋಲ್ಮನ್ ಹಾಡುತ್ತಿದ್ದ ಧಾಟಿ, ಕೋಲ್ಮನ್ ಕದ್ದ ಕೋಳಿ, ಕೋಲ್ಮನ್ ಶಾಲೆಯ ಗಂಟೆಗೆ ಹುಲ್ಲು ತುರುಕಿದ್ದು. ಅವನ ಹೆಸರನ್ನು ಅಷ್ಟು ಸಲ ಒಟ್ಟಿಗೆ ಆ ಊರು ಆಡಿದ್ದು ಅಂದೇ. ಅಟ್ರಾಕ್ಟಾ ಬಾಗಿಲ ಬಳಿ ನಿಂತಿದ್ದಳು. ಯಾರೋ ಸರಿದು ಜಾಗ ಮಾಡಿಕೊಟ್ಟರು, ಅವಳು ಬೆಂಚಿನ ನಡುವೆ ಕೂತಳು.

ಹೊಸ ಕ್ಯಾಪು ಸಲೀಸಾಗಿ ಸಿಕ್ಕಿತು. ಫ್ಯಾನ್ ಕ್ಲಚ್ಚಿಗೆ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದು ಹಳೆಯ ವ್ಯಾನಿನಿಂದ ಬಿಚ್ಚಿ ತಂದು ಕೂರಿಸಿದೆ. ರೇಡಿಯೇಟರು, ಕೊಳವೆಗಳನ್ನೆಲ್ಲ ತೊಳೆದು ಹಸಿರು ಕೂಲಂಟನ್ನು ಸರಿಯಾದ ಹದದಲ್ಲಿ ತುಂಬಿದೆ. ಈ ಸಲ ಗಾಡಿಯನ್ನು ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದೆ. ಬಿಸಿಯೇರುತ್ತಿದ್ದಂತೆ ಫ್ಯಾನ್ ಗರ್ಜಿಸಿತು, ಮುಳ್ಳು ನಡುವೆಯೇ ಉಳಿಯಿತು.

ಡೆಲಿಯಾ ಶರತ್ಕಾಲದಲ್ಲಿ ಅಪ್ಪ ಅಮ್ಮನ ಸಮಾಧಿಕಲ್ಲಿನ ಮೇಲೆ, ಅವರ ಹೆಸರಿನ ಕೆಳಗೆ, ತಮ್ಮನ ಹೆಸರು ಕೆತ್ತಿಸಿದಳು. ಅಟ್ರಾಕ್ಟಾ ಈಗಲೂ ಗಾಡಿ ಓಡಿಸುತ್ತಾಳೆ. ಶುಕ್ರವಾರ ಸಂಜೆ ಡೆಲಿಯಾಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು ನಡೆಯುತ್ತದೆ, ಅಲ್ಲಿ ಅವಳಿಗೊಂದು ಕುರ್ಚಿಯಿದೆ. ಆಟದಲ್ಲಿ ಮೋಸ ಮಾಡುತ್ತಾಳೆ ಎಂದು ಅಂಚೆಯವಳ ದೂರು.

"ಮಾಡಿದ್ರೂ ಏನು ಮಾಡ್ತೀಯ?" ಎನ್ನುತ್ತಾಳೆ ಅಟ್ರಾಕ್ಟಾ, ಎಲೆಗಳನ್ನು ಎದೆಗೆ ಒತ್ತಿಕೊಂಡು. "ಕೊನೆಗೆ ನಂಜೊತೇನೇ ಬರ್ಬೇಕು ನೀನು."